ನಾಲ್ಕು ಮೊಳೆಗಳ ಕರಾರುಪತ್ರ

ಗ್ಯಾಸ್ ಸಿಲಿಂಡರ್ ಸಿಡಿಯಬಹುದಿತ್ತು. ನಳ ತೆರೆದಿಟ್ಟು ಊರಿಗೆ ಹೋಗಬಹುದಿತ್ತು. ಇಬ್ಬರೆಂದು ಹೇಳಿ ಬಂದವರು ದೀಪಾವಳಿಯ ಹೊತ್ತಿಗೆ ಎಂಟು ಜನರಾಗಬಹುದಿತ್ತು. ಪಡಸಾಲೆಯಲ್ಲಿ ಬ್ಯೂಟಿ ಪಾರ್ಲರ್ ತೆರೆಯಬಹುದಿತ್ತು. ನಾಯಿ ಸಾಕಬಹುದಿತ್ತು, ಆ ನಾಯಿ ಓಣಿಯಲ್ಲಿ ಅಷ್ಟು ಜನರಿದ್ದರೂ ಪಕ್ಕದ ಮನೆಯ ವಕೀಲರನ್ನೇ ಹುಡುಕಿ ಕಚ್ಚಬಹುದಿತ್ತು. ಮೋರಿಗೆ ಚಹಾಪುಡಿ ಸುರಿದು ಸುರಿದು ಪೈಪು ಕಟ್ಟಬಹುದಿತ್ತು. ನೀರಿನ ಮೋಟರನ್ನು ಮರೆತು ಸುಡಬಹುದಿತ್ತು. ಹನ್ನೊಂದು ತಿಂಗಳು ಮುಗಿದ ಮೇಲೆ ‘ಬಿಡೂದಿಲ್ಲ, ಏನ್ ಮಾಡ್ಕೋತೀರಿ ಮಾಡ್ಕೋರಿ’ ಎಂದು ಕಾಲು ಚಾಚಿ ಕೂಡಬಹುದಿತ್ತು, ಆ ಕೋರ್ಟು-ಖಟ್ಲೆ ಮುಗಿಯುವ ಹೊತ್ತಿಗೆ ನಾನು ಗೋಡೆಯ ಮೇಲಿನ ಫೋಟೊ ಆಗಿರಬಹುದಿತ್ತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಆ ಗೋಡೆಗೇ ಅವರು ಮೊಳೆ ಹೊಡೆಯಬಹುದಿತ್ತು.

ಧಾರವಾಡದ ಮಾಳಮಡ್ಡಿಯ ನಮ್ಮ ಮನೆಯ ಕೆಳಭಾಗವನ್ನು ಮೊದಲ ಸಲ ಬಾಡಿಗೆಗೆ ಕೊಡುವಾಗ ಇವನ್ನೆಲ್ಲ ಒಂದು ಹಳೆಯ ಡೈರಿಯಲ್ಲಿ ಬರೆದಿಟ್ಟಿದ್ದೆ. ಒಟ್ಟು ಮೂವತ್ತೊಂದು ಅನಾಹುತಗಳು. ಮೂವತ್ತೊಂದನೆಯದು ಭೂಕಂಪ. ಅದಕ್ಕೂ ಬಾಡಿಗೆಯವರಿಗೂ ಏನು ಸಂಬಂಧ ಎಂದು ನನ್ನ ಹೆಂಡತಿ ಕೇಳಿದಾಗ, ಸಂಬಂಧ ಇರಲೇಬೇಕೆಂದೇನಿಲ್ಲ, ಮುನ್ನೆಚ್ಚರಿಕೆ ಇರಬೇಕು ಎಂದಿದ್ದೆ. ನಾನು ಕಾಲೇಜೊಂದರ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ಕಾಯುವವನು. ಇಪ್ಪತ್ತೈದು ವರ್ಷಗಳಿಂದ ‘ಈಗ ಒಡೀತದ, ಈಗ ಒಡೀತದ’ ಎಂದು ಕಾಯುತ್ತ ಕೂಡುವುದಕ್ಕೇ ಸಂಬಳ ತೆಗೆದುಕೊಂಡಿದ್ದೇನೆ.

ಈಗ ಒಂದಿಬ್ಬರು ಹೊಸ ಮಾಲಕರು ನನ್ನ ಹತ್ತಿರ ಸಲಹೆ ಕೇಳುತ್ತಾರೆ. ನಮ್ಮೂರಲ್ಲಿ ವಯಸ್ಸು ಐವತ್ತು ದಾಟಿ, ಕಿಸೆಯಲ್ಲಿ ಎರಡು ಮನೆಯ ಕೀಲಿ ಇದ್ದರೆ ಸಾಕು, ಸಲಹೆ ಕೊಡುವ ಅರ್ಹತೆ ತಾನಾಗಿ ಬರುತ್ತದೆ. ನಾನೂ ಹಾಗೆ ಸಲಹೆ ಕೇಳಿದ್ದೆ. ಬೆಳಗಿನ ವಾಕಿಂಗ್ ಮುಗಿಸಿ ಚಹಾದಂಗಡಿಯ ಮುಂದೆ ನಿಲ್ಲುವ ಮಾಲಕರ ಗುಂಪೊಂದಿತ್ತು. ಲೋಕದಲ್ಲಿ ಇಷ್ಟೊಂದು ಹೆದರಿಕೆ, ಇಷ್ಟೊಂದು ಸೊಕ್ಕು ಒಂದೇ ಬೆಂಚಿನ ಮೇಲೆ ಕೂತದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಬಾಡಿಗೆಯವರು ಇವರ ಪಾಲಿಗೆ ಒಂದು ಬಗೆಯ ಗೆದ್ದಲು. ಇಲ್ಲದಿದ್ದರೆ ಮನೆ ಖಾಲಿ ಬಿದ್ದಿದೆ ಎಂಬ ಅಳು, ಇದ್ದರೆ ಮನೆ ತಿನ್ನುತ್ತಿದ್ದಾರೆ ಎಂಬ ಅಳು. ಜಾತಿ ಕೇಳುವ ಧೈರ್ಯವೂ ಇವರಿಗಿಲ್ಲ. ‘ಮನ್ಯಾಗ ಊಟಾ ಏನ್ ಮಾಡ್ತೀರಿ?’ ಎಂದು ಕೇಳುತ್ತಾರೆ, ಊಟಕ್ಕೆ ಕರೆಯುವವರ ಹಾಗೆ.

ಗುಂಪಿನ ಮುಖಂಡರು ಆರು ಮನೆಗಳ ಮಾಲಕರು. ಆರೂ ಮನೆಯವರು ಇವರನ್ನು ಕಂಡರೆ ಕಿಟಕಿ ಹಾಕಿಕೊಳ್ಳುತ್ತಾರೆಂಬುದನ್ನು ಗೌರವ ಎಂದು ತಿಳಿದವರು. ನನಗೆ ದೀಕ್ಷೆ ಕೊಟ್ಟವರು ಅವರೇ.

“ಮೊದಲ ಒಂದ ಮೊಳಿ ಹೊಡೀತಾರ,” ಎಂದರು ಬಸಿಯಲ್ಲಿ ಚಹಾ ಆರಿಸುತ್ತ. “ಆಮ್ಯಾಲೆ ಆ ಮೊಳಿಗೆ ತಮ್ಮ ಅಪ್ಪನ ಫೋಟೊ ಹಾಕ್ತಾರ. ಅವರಪ್ಪ ಹತ್ತಿ ಕುಂತ ಗ್ವಾಡಿ ನಿಂದಲ್ಲ ಅಂತ ತಿಳ್ಕೊ ತಮ್ಮಾ.”

ನಾನು ತಿಳಿದುಕೊಂಡೆ. ನಮ್ಮದು ಹಳೆಯ ಮನೆ, ಸುಣ್ಣ-ಮಣ್ಣಿನ ಗಿಲಾವು. ಒಂದು ಮೊಳೆ ಹೊಡೆದರೆ ಅಂಗೈಯಗಲ ಉದುರುವುದು ನಿಜ. ಆದರೆ ನಾನು ಮಾಡಿದ್ದು ನಿಜದ ಅಳತೆಗೆ ಮೀರಿದ್ದು. ಮನೆಯಲ್ಲಿದ್ದ ಮೊಳೆಗಳನ್ನು ಎಣಿಸಿ ಕರಾರುಪತ್ರದಲ್ಲಿ ಬರೆಸಿದೆ: ಪಡಸಾಲೆಯಲ್ಲಿ ಎರಡು, ಅಡಿಗೆಮನೆಯಲ್ಲಿ ಒಂದು, ದೇವರ ಗೂಡಿನ ಮೇಲೆ ಒಂದು, ಒಟ್ಟು ನಾಲ್ಕು; ಬಿಡುವಾಗಲೂ ನಾಲ್ಕೇ ಇರತಕ್ಕದ್ದು. ಕೋರ್ಟಿನ ಮುಂದೆ ಕೂತು ಟೈಪು ಮಾಡುತ್ತಿದ್ದವನು ಕೈ ನಿಲ್ಲಿಸಿ ಕನ್ನಡಕದ ಮೇಲಿಂದ ನೋಡಿದ.

“ಸಾಹೇಬ್ರ, ಮನಿ ಬಾಡಿಗಿ ಕೊಡಾಕತ್ತೀರೋ, ಜಪ್ತಿ ಪಂಚನಾಮಾ ಮಾಡಾಕತ್ತೀರೋ?”

ಆ ಕಾಗದಕ್ಕೆ ಸಹಿ ಹಾಕಿದವಳು ಲಕಮನಹಳ್ಳಿಯ ಹೊಲಿಗೆ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಹೆಣ್ಣುಮಗಳು. ನಲವತ್ತೈದರ ಆಸುಪಾಸು, ಮಾತು ಕಡಿಮೆ. ಬೆಳಗ್ಗೆ ಎಂಟಕ್ಕೆ ಹೋದರೆ ಸಂಜೆ ಆರಕ್ಕೆ ಬರುವವಳು. ಜೊತೆಗಿದ್ದದ್ದು ಗಂಡ ಒಬ್ಬನೇ. ಇಪ್ಪತ್ತು ವರ್ಷ ಹುಬ್ಬಳ್ಳಿ-ಧಾರವಾಡದ ನಡುವೆ ಬಸ್ಸು ಓಡಿಸಿದ ಮನುಷ್ಯ; ಸಕ್ಕರೆ ಕಾಯಿಲೆ ಎರಡೂ ಕಣ್ಣುಗಳನ್ನು ತಿಂದುಹಾಕಿತ್ತು. ಬೆಳಕು ಯಾವ ಕಡೆ ಇದೆ ಎಂಬುದಷ್ಟೇ ತಿಳಿಯುತ್ತಿತ್ತು.

ನಮ್ಮ ಕೆಳಮನೆ ರೈಲು ಡಬ್ಬಿಯ ಹಾಗೆ ಉದ್ದಕ್ಕಿದೆ. ಪಡಸಾಲೆಯ ಹಿಂದೆ ಮಲಗುವ ಕೋಣೆ, ಅದರ ಹಿಂದೆ ಇನ್ನೊಂದು ಕೋಣೆ, ಅಡಿಗೆಮನೆ, ಆಮೇಲೆ ಮೂರು ಹೆಜ್ಜೆಯ ತೆರೆದ ಜಾಗ, ಅದನ್ನು ದಾಟಿದರೆ ಬಚ್ಚಲು. ಬಂದ ನಾಲ್ಕನೆಯ ದಿನ ಆಕೆ ಮೇಲೆ ಬಂದು ನಮ್ಮ ಬಾಗಿಲಲ್ಲಿ ನಿಂತಳು.

“ಅಣ್ಣಾರ, ಗ್ವಾಡಿಗುಂಟ ಒಂದು ಪೈಪ್ ಹಾಕಸ್ತೇನ್ರಿ. ಮಲಗೂ ಖೋಲ್ಯಾಗಿಂದ ಬಚ್ಚಲ ಮಟಾ. ನಾ ಡ್ಯೂಟಿಗೆ ಹ್ವಾದಾಗ ಇವರು ಹಿಡಕೊಂಡು ತಾವ ಹೋಗಿ ಬರ್ತಾರ್ರಿ. ಖರ್ಚು ನಮ್ದ. ಬಿಡೂ ಮುಂದ ಗಿಲಾವ್ ಮಾಡಿಸಿ ಕೊಡ್ತೇವಿ.”

ಆಕೆ ಕೇಳಿದ್ದು ಇಷ್ಟೇ. ಹೆಂಡತಿ ಕಾರ್ಖಾನೆಯಲ್ಲಿರುವಾಗ ಗಂಡ ಯಾರನ್ನೂ ಕೂಗದೆ, ಗೋಡೆಗೆ ತಲೆ ಹೊಡೆಸಿಕೊಳ್ಳದೆ, ತನ್ನ ಬಚ್ಚಲಿಗೆ ತಾನೇ ಹೋಗಿ ಬರಬೇಕು. ಐವತ್ತರ ಗಂಡಸಿಗೆ ಉಳಿದಿದ್ದ ಮಾನವೆಂದರೆ ಅದು. ನನ್ನ ತಲೆಯಲ್ಲಿ ಮಾತ್ರ ಬೇರೆ ಲೆಕ್ಕ ನಡೆದಿತ್ತು: ಪೈಪಿಗೆ ಹತ್ತು ಕ್ಲಾಂಪು, ಕ್ಲಾಂಪಿಗೆ ಎರಡು ತೂತು.

“ನೋಡೂಣ್ರಿ,” ಎಂದೆ.

ಈ ‘ನೋಡೂಣ’ ಎಂಬುದು ಮಾಲಕರ ಕುಲದ ಆಯುಧ. ಇಲ್ಲ ಎನ್ನುವ ಎದೆ ಇಲ್ಲದವರು, ಹೂಂ ಎನ್ನುವ ಮನಸ್ಸಿಲ್ಲದವರು ಇದನ್ನು ಬಳಸುತ್ತಾರೆ. ಮರುದಿನ ಚಹಾದಂಗಡಿಯಲ್ಲಿ ವಿಷಯ ತೆಗೆದೆ. ಆರು ಮನೆಯ ಮಾಲಕರು ನಕ್ಕರು.

“ಪೈಪ್ ಹಾಕಿದವ್ರು ಮನಿ ಬಿಡ್ತಾರೇನೋ ಹುಚ್ಚಾ? ನಾಳೆ ಕೋರ್ಟಿನ್ಯಾಗ ‘ಮನಿ ರಿಪೇರಿ ನಾವ ಮಾಡಸೇವಿ’ ಅಂತಾರ. ಮ್ಯಾಲೆ ಗಂಡ ಕುರುಡ ಬ್ಯಾರೆ. ಜಡ್ಜ್ ಯಾರ ಕಡೆ ಆಗತಾನ?”

ಅವರನ್ನು ಆಗಲೇ ಬೈದೆ ಎಂದು ಬರೆಯಲು ನನಗೂ ಇಷ್ಟ. ಆದರೆ ನಾನು ಮಾಡಿದ್ದು, ಅವರ ಚಹಾದ ಬಿಲ್ಲು ಕೊಟ್ಟದ್ದು.

ನಮ್ಮ ಭಾಗದಲ್ಲಿ ಐದೋ ಆರೋ ದಿನಕ್ಕೊಮ್ಮೆ ನೀರು ಬಿಡುತ್ತಾರೆ. ನೀರು ಬರುವ ದಿನವೇ ಮಾಲಕರ ತಪಾಸಣೆಯ ದಿನ. ನೆಲದಡಿಯ ಟಾಕಿ ಹಿತ್ತಲಲ್ಲಿ. ಅದರ ವಾಲ್ವ್ ತಿರುಗಿಸುವ ಹಕ್ಕು ಮಾಲಕನದು. ಆದ್ದರಿಂದ ಬಾಡಿಗೆಯವರ ಪಡಸಾಲೆ, ಕೋಣೆ, ಅಡಿಗೆಮನೆ ಎಲ್ಲವನ್ನೂ ದಾಟಿ, ಒಲೆಯ ಮೇಲೆ ಏನು ಬೇಯುತ್ತಿದೆ ಎಂದೂ ನೋಡಿಕೊಂಡು ಹೋಗುವುದು ಇಲ್ಲಿಯ ಪದ್ಧತಿ. ನಮ್ಮ ಮನೆಯ ಬಗಲಿಗೆ ಒಂದು ಸಂದಿ ಇದೆ. ಅಲ್ಲಿಂದ ನೇರವಾಗಿ ಹಿತ್ತಲಿಗೆ ಹೋಗಬಹುದು. ಹೆಂಡತಿ ಇದನ್ನು ಪ್ರತಿ ಸಲ ನೆನಪಿಸುತ್ತಿದ್ದಳು.

“ಸಂದ್ಯಾಗ ಹಾವು ಅದಾವ,” ಎನ್ನುತ್ತಿದ್ದೆ ನಾನು.

“ಹಾವಿಗೂ ಮರ್ಯಾದಿ ಅದ,” ಎನ್ನುತ್ತಿದ್ದಳು ಅವಳು, “ಕರೀಲಾರ್ದ ಮಂದಿ ಅಡಗಿಮನಿಗೆ ಹೋಗೂದಿಲ್ಲ.”

ಹಾಗೆ ಹೋಗುವಾಗೆಲ್ಲ ನಾನು ಮೊಳೆ ಎಣಿಸುತ್ತಿದ್ದೆ. ಎರಡು, ಒಂದು, ಒಂದು. ಕಣ್ಣು ಕಾಣದ ಆ ಮನುಷ್ಯ ಕುರ್ಚಿಯ ಮೇಲೆ ಕೂತು ನನ್ನ ಚಪ್ಪಲಿಯ ಸಪ್ಪಳ ಕೇಳುತ್ತಿದ್ದ.

“ಬರ್ರಿ ಮಾಲಕರ. ನಾಕೂ ಅದಾವೇನ್ರಿ?”

ಸಿಕ್ಕಿಬಿದ್ದೆನೆಂದು ತಿಳಿದ ಮೇಲೂ ಎಣಿಸುವುದನ್ನು ನಾನು ಬಿಡಲಿಲ್ಲ. ಆತ ಮಾತಿನಲ್ಲಿ ಗಟ್ಟಿಗ. ಆ ಉದ್ದ ಮನೆಗೆ ತನ್ನ ಹಳೆಯ ರೂಟಿನ ಹೆಸರುಗಳನ್ನೇ ಇಟ್ಟಿದ್ದ. ಮಲಗುವ ಕೋಣೆ ಧಾರವಾಡ, ನಡುವಿನ ಕೋಣೆ ಲಕಮನಹಳ್ಳಿ, ಅಡಿಗೆಮನೆ ನವನಗರ, ಆ ತೆರೆದ ಮೂರು ಹೆಜ್ಜೆ ಉಣಕಲ್, ಬಚ್ಚಲು ಹುಬ್ಬಳ್ಳಿ.

“ಇಪ್ಪತ್ತ ವರ್ಷ ಬಸ್ ಹೊಡದೇನ್ರಿ, ಒಂದ ದಿನ ಗ್ವಾಡಿಗೆ ಹಾಯಿಸಿಲ್ಲ. ಈಗ ಮನ್ಯಾಗ ಹಾಯಿಸಾಕತ್ತೇನಿ,” ಎಂದು ನಗುತ್ತಿದ್ದ. “ನವನಗರ ಮಟಾ ಗ್ವಾಡಿ ಕೈಯಾಗ ಇರ್ತೈತಿ. ಉಣಕಲ್‌ನಾಗ ಹಿಡಕೊಳ್ಳಾಕ ಏನೂ ಇಲ್ಲ. ಅಲ್ಲಿ ಜೀವ ಹೌಹಾರತೈತ್ರಿ.”

ಈ ಮಾತು ಕೇಳಿ ನನಗೆ ಕರುಣೆ ಬರಬೇಕಿತ್ತು. ಬಂದದ್ದು ಚಿಂತೆ. ಆತ ಬಿದ್ದರೆ? ಪೊಲೀಸರು ಬಂದರೆ? ಪೇಪರಿನಲ್ಲಿ ‘ಮಾಲಕನ ನಿರ್ಲಕ್ಷ್ಯ’ ಎಂದು ಬಂದರೆ? ಆ ಸಂಜೆಯೇ ಸುಭಾಷ ರೋಡಿಗೆ ಹೋಗಿ ನೈಲಾನ್ ಹಗ್ಗ ತಂದೆ. ಒಂದು ತುದಿಯನ್ನು ಮಲಗುವ ಕೋಣೆಯ ಕಿಟಕಿಯ ಸರಳಿಗೆ, ಇನ್ನೊಂದನ್ನು ಬಚ್ಚಲಿನ ಚಿಲಕಕ್ಕೆ ಕಟ್ಟಿದೆ. ಒಂದೇ ಒಂದು ಮೊಳೆ ಇಲ್ಲದೆ! ನನ್ನ ಜಾಣತನಕ್ಕೆ ನಾನೇ ಬೆರಗಾಗಿ ನಿಂತಿದ್ದೆ. ಆತ ಹಗ್ಗ ಹಿಡಿದು ಎರಡು ಹೆಜ್ಜೆ ಇಟ್ಟ. ಹಗ್ಗ ಜೋಲಿ ಹೊಡೆಯಿತು, ಆತನೂ ಹೊಡೆದ.

“ಮಾಲಕರ, ಇದು ಅರಬಿ ಒಣಾ ಹಾಕೂ ಹಗ್ಗ ಆತ್ರಿ. ನನ್ನ ಒಣಾ ಹಾಕಬ್ಯಾಡ್ರಿ.”

ಆಕೆ ನಗಲಿಲ್ಲ. ಹಗ್ಗ ಬಿಚ್ಚಿ, ನೀಟಾಗಿ ಸುತ್ತಿ, ನನ್ನ ಕೈಗೆ ಕೊಟ್ಟಳು. “ಪೈಪಿನ ಮಾತು ಏನ್ ಮಾಡಿದ್ರಿ ಅಣ್ಣಾರ?”

“ಹನ್ನೊಂದ ತಿಂಗಳ ಆಗ್ಲಿ. ಹೊಸಾ ಕರಾರು ಮಾಡೂ ಮುಂದ ನೋಡೂಣು.”

“ಹನ್ನೊಂದ ತಿಂಗಳು ಇವರು ತಡಕೊಂಡು ಕುಂಡ್ರಬೇಕೇನ್ರಿ?” ಎಂದಳು. ಗಂಡ ಜೋರಾಗಿ ನಕ್ಕ. ನನ್ನ ಕಿವಿ ಬಿಸಿಯಾಯಿತು. ಆ ಬಿಸಿಗೆ ನಾಚಿಕೆ ಎಂಬ ಹೆಸರು ಕೊಡಬಹುದಿತ್ತು. ನಾನು ಅದನ್ನು ಅವಮಾನ ಎಂದುಕೊಂಡು ಮೇಲೆ ಹೋಗಿ ಊಟ ಮಾಡಿದೆ.

ಮಾತು ಕೊಟ್ಟಂತೆ ಹತ್ತನೆಯ ತಿಂಗಳಲ್ಲಿ ಕರಾರುಪತ್ರವನ್ನು ಹೊರಗೆ ತೆಗೆದೆ. ಒಂದು ಪೈಪಿಗೆ, ಹೆಚ್ಚೆಂದರೆ ಆರು ಕ್ಲಾಂಪಿಗೆ, ಅನುಮತಿ ಕೊಡುವುದೆಂದು ಪೆನ್ಸಿಲ್ಲಿನಲ್ಲಿ ಬರೆದುಕೊಂಡಿದ್ದೆ. ಅಷ್ಟು ಔದಾರ್ಯಕ್ಕೆ ಧನ್ಯವಾದ ಹೇಗೆ ಸ್ವೀಕರಿಸಬೇಕೆಂದೂ ಯೋಚಿಸಿದ್ದೆ. ಅದೇ ವಾರ ಆಕೆ ಬಂದು, ಕರಾರಿನಂತೆ ಒಂದು ತಿಂಗಳು ಮೊದಲೇ ಹೇಳುತ್ತಿದ್ದೇನೆ, ಮನೆ ಬಿಡುತ್ತೇವೆ ಎಂದಳು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಮನೆ ಸಿಕ್ಕಿದೆಯಂತೆ, ಎರಡೇ ಖೋಲಿ, ತಗಡಿನ ಸೂರು.

“ಅಲ್ಲಿಂದ ಡ್ಯೂಟಿಗೆ ದೂರ ಆಗ್ತೈತಲ್ರಿ?” ಎಂದೆ.

“ಆಗ್ತೈತ್ರಿ. ಎರಡ ಬಸ್ ಬದಲಿ ಮಾಡಬೇಕು.” ಕೆಳಗಿಳಿಯಲು ತಿರುಗಿ ಅಂದಳು, “ಆ ಮನಿ ಅಜ್ಜಿ ಇವರನ್ನ ನೋಡಿದಾಕಿನ ಗ್ವಾಡಿಗೆ ಹಿಡಿಕಿ ಹಾಕಾಕ ಬಡಿಗ್ಯಾನ ಕರಸ್ಯಾಳ್ರಿ. ನಾ ಇನ್ನೂ ಕೇಳಿದ್ದಿಲ್ಲ.”

ತಗಡಿನ ಸೂರಿನ ಆ ಮುದುಕಿಯ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇಂಥವರಿಂದಲೇ ಮಾಲಕರ ಮಾನ ಹೋಗುವುದು.

ಸಲಹೆ ಕೇಳಿದವರಿಗೆ ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳುವ ಮುಖ ಇರುವುದಿಲ್ಲ. ಮೀಟರಿನ ಅಂಕಿಯನ್ನು ಬಂದ ದಿನವೇ ಇಬ್ಬರೂ ಕೂಡಿ ಬರೆದುಕೊಳ್ಳಿ. ಸೋರುವ ನಳವನ್ನು ಅವರು ಬರುವ ಮೊದಲು ರಿಪೇರಿ ಮಾಡಿಸಿ, ಬಂದ ಮೇಲೆ ದಬಾಯಿಸಬೇಡಿ. ಟಾಕಿ ನೋಡಬೇಕಿದ್ದರೆ ಸಂದಿಯಿಂದ ಹೋಗಿ. ಸಂದಿ ಇಲ್ಲದಿದ್ದರೆ ಬಾಗಿಲು ಬಡಿದು, ಬರ್ರಿ ಅಂದ ಮೇಲೆ ಹೋಗಿ. ಗಿಲಾವು ಹಳೆಯದಿದ್ದರೆ ಮೊಳೆ ಎಲ್ಲೆಲ್ಲಿ ಬೇಕೆಂದು ಮೊದಲೇ ಕೇಳಿ, ಗೌಂಡಿಯನ್ನು ಕರೆಸಿ ನೀವೇ ಹೊಡೆಸಿಕೊಡಿ. ಗೋಡೆ ಇರುವುದು ಹಿಡಿದುಕೊಂಡು ನಿಲ್ಲುವುದಕ್ಕೆ. ಚಹಾದಂಗಡಿಯ ಬೆಂಚಿನಿಂದ ದೂರ ಇರಿ.

ಅವರು ಹೋದ ಮರುದಿನ ಬೆಳಗ್ಗೆ ಡೈರಿ, ಟಾರ್ಚು ಹಿಡಿದು ಕೆಳಗೆ ಇಳಿದೆ. ಮುಂಗಡದ ಹಣ ಆಕೆಯ ಕೈಗೆ ಮರಳಿ ಹೋಗಿತ್ತು, ಕೀಲಿ ನನ್ನ ಕೈಗೆ ಬಂದಿತ್ತು, ಎಲ್ಲ ಮುಗಿದಿತ್ತು. ಆದರೂ ಏನಾದರೂ ಸಿಕ್ಕೇ ಸಿಗುತ್ತದೆ ಎಂಬ ಆಸೆ. ಒಲೆಯ ಕಟ್ಟೆ ಕನ್ನಡಿಯ ಹಾಗಿತ್ತು. ಮೋರಿಯಲ್ಲಿ ನೀರು ಸರಾಗ ಇಳಿಯಿತು. ಮೋಟರು ಮೊದಲ ಒತ್ತಿಗೇ ತಿರುಗಿತು. ನಳ ತೊಟ್ಟಿಕ್ಕಲಿಲ್ಲ. ಮೊಳೆ ಎಣಿಸಿದೆ. ಎರಡು, ಒಂದು, ಒಂದು. ದೇವರ ಗೂಡಿನ ಮೇಲಿನ ಮೊಳೆಗೆ ತುಕ್ಕು ಹಿಡಿಯದಿರಲೆಂದು ಎಣ್ಣೆ ಕೂಡ ಸವರಿದ್ದರು. ಡೈರಿಯಲ್ಲಿ ಒಂದೊಂದಾಗಿ ಗೀಟು ಹಾಕುತ್ತ ಹೋದೆ, ಮೂವತ್ತೊಂದರವರೆಗೆ. ಭೂಕಂಪವೂ ಆಗಿರಲಿಲ್ಲ.

ಆಗ ಬಾಗಿಲಿನಿಂದ ಬಿಸಿಲು ಅಡ್ಡ ಬಿದ್ದು ಗೋಡೆ ಕಂಡಿತು. ಮಲಗುವ ಕೋಣೆಯ ಬಾಗಿಲಿನಿಂದ ಶುರುವಾಗಿ, ನನ್ನ ಸೊಂಟದ ಎತ್ತರಕ್ಕೆ, ಬಿಳಿ ಸುಣ್ಣದ ಮೇಲೆ ಒಂದು ಕಂದು ಪಟ್ಟಿ. ಅಂಗೈಯಷ್ಟು ಅಗಲ, ಎಣ್ಣೆಜಿಡ್ಡಿನ ಮಿನುಗು. ನಡುವಿನ ಕೋಣೆಯನ್ನು ದಾಟಿ, ಅಡಿಗೆಮನೆಯ ಗೋಡೆಗುಂಟ, ಎಲ್ಲೂ ಕಡಿಯದೆ ಹೋಗಿತ್ತು. ಗೋಡೆ ಮುಗಿದು ಆ ಮೂರು ಹೆಜ್ಜೆಯ ಬಯಲು ಶುರುವಾಗುವ ಅಂಚಿನಲ್ಲಿ ಮಾತ್ರ ಅದು ಪಟ್ಟಿಯಾಗಿರಲಿಲ್ಲ. ಐದೂ ಬೆರಳುಗಳು ಒಂದೇ ಜಾಗದಲ್ಲಿ ಎಷ್ಟೋ ಸಲ ಒತ್ತಿ ನಿಂತು, ಅಲ್ಲಿಯ ಸುಣ್ಣ ಪೂರ್ತಿ ಸವೆದು ಮಣ್ಣು ಕಾಣುತ್ತಿತ್ತು.