ಊಟದ ಕೋಣೆಯ ಗಾಳಿ

ಡಾರಿಲ್ ಪೆಂಗೆಲಿ ಇಪ್ಪತ್ತೆಂಟು ವರ್ಷ ನಮ್ಮೂರಿನ ಕಲ್ಲಿದ್ದಲು ಗಣಿಯಲ್ಲಿ ದುಡಿದವನು. ಅವನ ಇಬ್ಬರು ಹೆಣ್ಣುಮಕ್ಕಳೂ ನನ್ನ ತರಗತಿಯಲ್ಲಿ ಓದಿದ್ದರಿಂದ ಇಂದಿಗೂ ನನ್ನನ್ನು ಮೇಷ್ಟ್ರೇ ಎಂದೇ ಕರೆಯುತ್ತಾನೆ. ಐವತ್ತನೆಯ ವಯಸ್ಸಿನಲ್ಲಿ ಅವನ ಶ್ವಾಸಕೋಶದಲ್ಲಿ ಗಣಿಯ ಧೂಳು ಕಟ್ಟಿಕೊಂಡಿರುವುದು ತಿಳಿಯಿತು. ಕೆಲಸ ಮಾಡಬಹುದು, ಆದರೆ ಧೂಳಿಲ್ಲದ ಕಡೆ ಮಾತ್ರ ಎಂದರು ಬ್ರಿಸ್ಬೇನಿನ ವೈದ್ಯರು. ಡಾರಿಲ್‌ಗೆ ಅಷ್ಟೇ ಸಾಕಾಗಿತ್ತು. ಮನೆಯಲ್ಲಿ ಕುಳಿತ ಏಳು ತಿಂಗಳಲ್ಲಿ ಅವನು ಬೇಲಿಗೆ ಮೂರು ಸಲ ಬಣ್ಣ ಬಳಿದಿದ್ದ.

"ಇನ್ನೊಂದ್ ಸಲ ಬ್ರಶ್ ಹಿಡಿದ್ರೆ ನಿಂಗೇ ಬಳೀತೀನಿ ನೋಡು," ಎಂದಿದ್ದಳು ಹೆಂಡತಿ ಲೊರೇನ್.

ಕಾಯಿಲೆಯವರನ್ನು ಮರಳಿ ಕೆಲಸಕ್ಕೆ ಸೇರಿಸುವ ಹೊಣೆ ಕಂಪನಿಯಲ್ಲಿ ರಸ್ ಮೊಲಾಯ್‌ನದು. ಹಿಂದೆ ಅವನು ಡಾರಿಲ್‌ನ ಮೇಸ್ತ್ರಿಯಾಗಿದ್ದ. ಡಾರಿಲ್‌ನ ಮದುವೆಯಲ್ಲಿ ಪಕ್ಕದಲ್ಲಿ ನಿಂತು ಉಂಗುರ ಕೊಟ್ಟವನೂ ಅವನೇ. ಡಾರಿಲ್ ಕೇಳಿದ್ದು ಬಿಡಿಭಾಗ ಕೊಡುವ ಸ್ಟೋರಿನ ಕೆಲಸ. ರಸ್ ಕಾಗದ ಹಿಡಿದು ಬಂದ ದಿನ ನಾನೂ ಅವರ ವರಾಂಡದಲ್ಲಿ ಚಹಾ ಕುಡಿಯುತ್ತಿದ್ದೆ.

"ಸ್ಟೋರ್ ಈಗ ಆಗಲ್ಲ ಕಣೋ. ಕಲ್ಲಿದ್ದಲು ಪುಡಿ ಮಾಡೋ ಯಂತ್ರದ ಪಕ್ಕ ಕ್ಯಾಬಿನ್ ಇದೆಯಲ್ಲ, ಅಲ್ಲಿ ಕೂತು ಗುಂಡಿ ಒತ್ತಿದ್ರೆ ಸಾಕು."

"ಧೂಳು?"

"ಅಳತೆ ಮಾಡಿರೋ ಕಾಗದ ತಂದಿದ್ದೀನಿ. ಮಿತಿಯ ಕಾಲು ಭಾಗಾನೂ ಇಲ್ಲ. ಇದನ್ನ ನೋಡೇ ಡಾಕ್ಟ್ರೂ ಒಪ್ಪಿದಾರೆ."

ಡಾರಿಲ್ ಕಾಗದವನ್ನು ಎರಡು ಸಲ ಓದಿದ. ಧೂಳು ಅಳೆಯುವ ಪಂಪನ್ನು ಅಳತೆಯ ದಿನ ಸೊಂಟಕ್ಕೆ ಕಟ್ಟಿಕೊಂಡಿದ್ದವನ ಹೆಸರು ಡಾರಿಲ್ ಪೆಂಗೆಲಿ ಎಂದಿತ್ತು, ಕೆಳಗೆ ಅವನದೇ ಸಹಿ. ನಾಲ್ಕು ವರ್ಷಗಳ ಹಿಂದೆ ಕಾಲು ಮುರಿದುಕೊಂಡಿದ್ದಾಗ ಅವನನ್ನು ಕೆಲವು ವಾರ ಅದೇ ಕ್ಯಾಬಿನ್ನಿಗೆ ಹಾಕಿದ್ದರು; ಅಳತೆ ಆಗಿನದು.

"ಈ ಪಂಪು ಅವತ್ತು ಇಡೀ ದಿನ ಧೂಳಿಲ್ಲದ ಊಟದ ಕೋಣೇಲಿ ಮೊಳೆಗೆ ನೇತಾಡ್ತಿತ್ತು, ರಸ್. ಅಂಕಿ ಮೇಲೆ ಹೋದ್ರೆ ಕೆಲಸ ನಿಲ್ಲಿಸ್ತಾರೆ, ಎಲ್ಲರೂ ಮನೆಗೆ ಹೋಗ್ಬೇಕಾಗುತ್ತೆ, ಅಲ್ಲೇ ನೇತು ಹಾಕು ಅಂದೋನು ನೀನು."

"ಎಲ್ಲರೂ ಹಾಗೇ ಮಾಡ್ತಿದ್ರು. ಸಹಿ ಮಾತ್ರ ನಿಂದು ಮಾರಾಯ."

ಡಾರಿಲ್ ಕಾಗದವನ್ನು ಮಡಚಿ ಅವನ ಕೈಗೇ ಕೊಟ್ಟ.

ಮರುದಿನ ಸರ್ಕಾರದ ಗಣಿ ತನಿಖಾಧಿಕಾರಿಗಳಿಗೆ ಪತ್ರ ಬರೆದು ನನ್ನಲ್ಲಿಗೆ ತಂದ. "ತಪ್ಪಿದ್ರೆ ತಿದ್ದಿ ಮೇಷ್ಟ್ರೇ. ನಾನೇ ನೇತು ಹಾಕಿದೆ ಅನ್ನೋ ಮಾತನ್ನ ಮಾತ್ರ ಮುಟ್ಬೇಡಿ." ನಾನು ಎರಡು ಅಲ್ಪವಿರಾಮಗಳನ್ನಷ್ಟೇ ಸೇರಿಸಿದೆ.

ತನಿಖೆಯವರು ಬಂದು ಹೊಸದಾಗಿ ಅಳೆದರು. ಧೂಳು ಮಿತಿಯನ್ನು ಮೀರಿತ್ತು. ಕ್ಯಾಬಿನ್ನಿಗೆ ಬೀಗ ಬಿತ್ತು. ವಿಚಾರಣೆಯಲ್ಲಿ ರಸ್ ಹೇಳಿದ್ದು ಇಷ್ಟೇ: "ನಂಗೇನೂ ಗೊತ್ತಿಲ್ಲ. ಅದು ಅವನು ತಾನಾಗೇ ಮಾಡಿದ್ದು." ಡಾರಿಲ್ ಅವನ ಮುಖವನ್ನು ನೋಡುತ್ತಿದ್ದನಂತೆ, ರಸ್ ಮೇಜನ್ನು.

ತಿಂಗಳಾದ ಮೇಲೆ ರಸ್ ಗೇಟಿನ ಬಳಿ ಗಾಡಿ ನಿಲ್ಲಿಸಿದ. ಇಳಿಯಲಿಲ್ಲ.

"ಸ್ಟೋರಿನ ಕೆಲಸ ಖಾಲಿಯಾಗಿದೆ. ನಿನ್ನ ಹೆಸರು ಬರೀಲಾ?"

"ಬರಿ. ಅದಕ್ಕೆ ಮೊದ್ಲು, ಅವತ್ತು ನಂಗೇನ್ ಹೇಳಿದ್ದೆ ಅನ್ನೋದನ್ನ ತನಿಖೆಯವರ ಮುಂದೆ ಹೇಳಿ ಬಾ."

"ಹೇಳಿದ್ರೆ ನನ್ನ ಕೆಲಸ ಹೋಗುತ್ತೆ ಕಣೋ."

"ನಂದು ಹೋಗಿದೆಯಲ್ಲ."

ರಸ್ ಗಾಡಿ ತಿರುಗಿಸಿಕೊಂಡು ಹೋದ. ಮುಂದಿನ ವಾರ ಸ್ಟೋರಿಗೆ ಬೇರೊಬ್ಬ ಸೇರಿದ.

ಲೊರೇನ್ ಎರಡು ದಿನ ಗಂಡನೊಡನೆ ಮಾತನಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ, ಕರಾವಳಿಯ ಊರುಗಳ ಕೆಲಸದ ಜಾಹೀರಾತುಗಳಿದ್ದ ಪತ್ರಿಕೆಯನ್ನು ಅವನ ತಟ್ಟೆಯ ಪಕ್ಕದಲ್ಲಿ ಇಟ್ಟಳು.