ಅತ್ತಿಗೆಯ ವೇಗ, ನಾದಿನಿಯ ಕರೆಂಟು

ಆ ಕಂಪ್ಯೂಟರ್ ಕೇಂದ್ರದಲ್ಲಿ ಅವಳನ್ನು ಎದುರಿಗೆ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಮೀಟರಮ್ಮ. ಯಾರಾದರೂ ಕೋಣೆಯಿಂದ ಹೊರಗೆ ಕಾಲಿಟ್ಟರೆ ಸಾಕು, ದೀಪ ಆರಿಸುವ ಚಾಳಿ ಅವಳದು. ಒಮ್ಮೆ ಶೌಚಾಲಯದಲ್ಲಿದ್ದ ನಿರ್ದೇಶಕರನ್ನೇ ಕತ್ತಲಲ್ಲಿ ಕೂರಿಸಿದ್ದಳು. ಅಲ್ಲಿನ ಸೂಪರ್‌ಕಂಪ್ಯೂಟರ್ ಎಷ್ಟು ಕರೆಂಟು ತಿನ್ನುತ್ತದೆ ಎಂದು ಅಳೆಯುವುದು ಅವಳ ಕೆಲಸ. ಅದು ಎಷ್ಟು ವೇಗವಾಗಿ ಲೆಕ್ಕ ಮಾಡುತ್ತದೆ ಎಂದು ಪರೀಕ್ಷಿಸುವ ತಂಡದ ಮುಖ್ಯಸ್ಥೆ ಅವಳ ಅತ್ತಿಗೆ, ಸ್ವಂತ ಅಣ್ಣನ ಹೆಂಡತಿ. ಇಬ್ಬರಿಗೂ ಎಣ್ಣೆ ಸೀಗೆಕಾಯಿ.

ಮದುವೆಯಾದ ಹೊಸದರಲ್ಲಿ ಅತ್ತಿಗೆಯನ್ನು ಅಲ್ಲಿಗೆ ಸೇರಿಸಿದ್ದೇ ಮೀಟರಮ್ಮ. ನೋಡನೋಡುತ್ತ ಅತ್ತಿಗೆ ತಲೆಯ ಮೇಲೇರಿ ಕೂತಳು. ಹೊರಗಿನವರು ಬಂದರೆ, "ಇವಳು ನಮ್ಮ ಕರೆಂಟ್ ಬಿಲ್ ನೋಡ್ಕೊಳ್ತಾಳೆ" ಎಂದು ನಗುತ್ತ ಪರಿಚಯಿಸುವಳು.

ಹೊಸ ಯಂತ್ರ ಬಂತು. ಜೋಡಿಸಿ ಮುಗಿಸುವಷ್ಟರಲ್ಲಿ ದಿನಗಳೆಲ್ಲ ಕಳೆದವು. ಮರುದಿನವೇ ಅದನ್ನು ಹವಾಮಾನ ಇಲಾಖೆಯವರಿಗೆ ಬಿಟ್ಟುಕೊಡಬೇಕು; ಯಂತ್ರವನ್ನು ಓಡಿಸಿ ಪರೀಕ್ಷಿಸಲು ಉಳಿದಿದ್ದು ಒಂದೇ ಓಟ. ವೇಗವೂ ಕರೆಂಟೂ ಅದರಲ್ಲೇ ಅಳೆದಾಗಬೇಕು.

"ವೇಗ ಚೂರು ತಗ್ಗಿಸಿ. ಕರೆಂಟು ಎಷ್ಟೋ ಉಳಿಯುತ್ತೆ," ಎಂದಳು ಮೀಟರಮ್ಮ ಸಭೆಯಲ್ಲಿ.

"ಓಡೋ ಕುದುರೆ ಕಾಲು ಕಟ್ಟು ಅಂತೀಯಾ? ನಿನಗೆ ಬೆಳಕು ಕಂಡ್ರೇ ಆಗಲ್ಲ ಬಿಡು," ಎಂದಳು ಅತ್ತಿಗೆ.

ಎಲ್ಲರೂ ಗೊಳ್ಳೆಂದು ನಕ್ಕರು. ನಿರ್ದೇಶಕರೂ ನಕ್ಕು, ಪೂರ್ತಿ ವೇಗವೇ ಇರಲಿ ಎಂದುಬಿಟ್ಟರು. ಮೀಟರಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

ಓಟ ಶುರುವಾಯಿತು. ಯಂತ್ರದ ಸಾಲು ಸಾಲು ಕಪ್ಪು ಬೀರುಗಳು ಮೊರೆಯತೊಡಗಿದವು. ಅತ್ತಿಗೆ ಊಟಕ್ಕೆ ಎದ್ದದ್ದೇ ತಡ, ಮೀಟರಮ್ಮ ಕೂತಲ್ಲಿಂದಲೇ ಇಡೀ ಯಂತ್ರದ ಕರೆಂಟಿಗೆ ಮಿತಿ ಹಾಕಿದಳು. ಮೊರೆತ ಮೆಲ್ಲಗೆ ಇಳಿಯಿತು.

ವಾಪಸು ಬಂದ ಅತ್ತಿಗೆ ಪರದೆ ನೋಡಿ ಕಿರುಚಿದಳು. "ಯಾರು ಕೈಯಾಡಿಸಿದ್ದು?"

"ನಾನೇ."

"ಮತ್ತೆ ಓಡಿಸೋಕೆ ಟೈಮಿಲ್ಲ ಅಂತ ಗೊತ್ತಿದ್ದೇ ಮಾಡಿದೀಯ!"

"ಹೌದು ಅತ್ತಿಗೆ. ಗೊತ್ತಿದ್ದೇ ಮಾಡಿದ್ದು. ಈಗ ನಗಿ ನೋಡೋಣ."

"ಥೂ! ನಿನ್ನಂಥೋಳನ್ನ ಮನೆಯೊಳಗೆ ಬಿಟ್ಕೊಂಡಿದ್ದೇ ತಪ್ಪು."

ಲೋಕದ ಸೂಪರ್‌ಕಂಪ್ಯೂಟರ್‌ಗಳ ವೇಗದ ಪಟ್ಟಿಯಲ್ಲಿ ಯಂತ್ರ ಎಲ್ಲೋ ಕೆಳಗೆ ಜಾರಿತು. ಕಡಿಮೆ ಕರೆಂಟಿನಲ್ಲಿ ಹೆಚ್ಚು ಕೆಲಸ ಮಾಡುವ ಯಂತ್ರಗಳ ಪಟ್ಟಿಯಲ್ಲಿ ಮಾತ್ರ ತುದಿಗೇರಿತು. ಕರೆಂಟಿಗೆ ಮಿತಿ ಹಾಕಿದ್ದು ತಮ್ಮದೇ ಯೋಚನೆಯೆಂದು ನಿರ್ದೇಶಕರು ಮೈಕಿನ ಮುಂದೆ ಹೇಳಿಕೊಂಡರು. ಅಲ್ಲಿಗೆ ಮೀಟರಮ್ಮ ಮಾಡಿದ್ದು ತಪ್ಪೆಂದು ಪ್ರಶ್ನಿಸುವವರೇ ಇಲ್ಲವಾದರು. ಅತ್ತಿಗೆ ರಾಜೀನಾಮೆ ಬಿಸಾಕಿ ಹೋದಳು. ಎರಡೂ ತಂಡ ಮೀಟರಮ್ಮನ ಕೈಗೆ ಬಂದವು.

ಅಣ್ಣ ಒಮ್ಮೆ ಫೋನ್ ಮಾಡಿದ. "ಅವಳ ಅನ್ನ ಕಿತ್ಕೊಂಡೆ. ಖುಷಿನಾ?"

"ಹೂಂ, ಖುಷಿನೇ."

"ಇನ್ಮೇಲೆ ನಮ್ಮನೆ ಕಡೆ ತಲೆ ಹಾಕ್ಬೇಡ."

ಅವಳು ಸುಳ್ಳಾಡಿರಲಿಲ್ಲ. ನಿಜಕ್ಕೂ ಖುಷಿಯಾಗಿತ್ತು, ಬಹಳ ದಿನ ಉಳಿಯಿತು ಕೂಡ. ಅವಳು ಕ್ಯಾಂಟೀನಿಗೆ ಬಂದರೆ ಅತ್ತಿಗೆಯ ಹಳೇ ತಂಡದವರು ತಟ್ಟೆ ಎತ್ತಿಕೊಂಡು ಬೇರೆಡೆ ಹೋಗುತ್ತಿದ್ದರು. ಖಾಲಿಯಾದ ಮೇಜಿನ ಕೆಳಗೆ ಅವಳು ಆರಾಮಾಗಿ ಕಾಲು ಚಾಚಿಕೊಂಡು ಉಣ್ಣುತ್ತಿದ್ದಳು.