ಮಾಸ್ತಮ್ಮನ ಎರಡು ಪೆಟ್ಟಿಗೆ

ಮಾಸ್ತಮ್ಮನ ಗಂಡ ಗುತ್ಯಪ್ಪ ಸತ್ತದ್ದು ೧೯೬೧ರಲ್ಲಿ. ಶರಾವತಿಗೆ ಅಣೆಕಟ್ಟು ಏಳುತ್ತಿದ್ದ ಕಾಲ. ಅಣೆಕಟ್ಟಿಗೆ ಕಲ್ಲು ಒದಗಿಸುತ್ತಿದ್ದ ಒಬ್ಬ ಗುತ್ತಿಗೆದಾರನ ಕ್ವಾರಿಯಲ್ಲಿ ಬಂಡೆಗೆ ತೂತು ಕೊರೆಯುವ ಕೆಲಸ ಅವನದು. ಹಿಂದಿನ ದಿನ ತುಂಬಿದ್ದ ಮದ್ದಿನಲ್ಲಿ ಒಂದು ಸಿಡಿಯದೆ ಉಳಿದದ್ದು ಯಾರಿಗೂ ಗೊತ್ತಿರಲಿಲ್ಲ. ಬೆಳಿಗ್ಗೆ ಅವನು ಅದೇ ಜಾಗದಲ್ಲಿ ಕೊರೆಯಲು ಹತ್ತಿದ.

ಕೂಲಿಕಾರರ ಜೋಪಡಿಯಲ್ಲಿ ಗಂಜಿ ಬಸಿಯುತ್ತಿದ್ದ ಮಾಸ್ತಮ್ಮ ಶಬ್ದ ಕೇಳಿ ಓಡಿದಳು. ಎದುರಿಗೆ ಇಬ್ಬರು ಗೋಣಿಚೀಲ ಹೊತ್ತು ಬರುತ್ತಿದ್ದರು. ನೋಡಬೇಡ ಅಂದರು. ಅವಳು ನೋಡಿದಳು.

ಹನ್ನೆರಡನೆಯ ದಿನದ ಊಟ ಮುಗಿದ ಮೇಲೆ, ನಿಟ್ಟೂರಿನ ಹತ್ತಿರದ ಗಂಡನ ಮನೆಯಲ್ಲಿ, ಮೈದುನ ನಿಂಗಪ್ಪ ಅವಳನ್ನು ಅಂಗಳಕ್ಕೆ ಎಳೆದ. ಅಣ್ಣ ಮೊದಲು ಒಡೆಯರ ಗದ್ದೆಯಲ್ಲಿ ಗೇಣಿ ಮಾಡಿಕೊಂಡು ತಮ್ಮನ ಜೊತೆಗೇ ಇದ್ದವನು. ಕ್ವಾರಿಯ ಆಸೆ ಹತ್ತಿಸಿದವಳು ಇವಳೇ ಎಂದು ನಿಂಗಪ್ಪ ನಂಬಿದ್ದ. "ನಮ್ಮ ಅಣ್ಣನ್ನ ತಿಂದ್ಕೊಂಡ್ಯಲ್ಲೇ" ಎನ್ನುತ್ತ ಬಾರುಕೋಲಿನಿಂದ ಬೆನ್ನಿಗೆ, ತೊಡೆಗೆ ಹೊಡೆದ. ಅವನ ಹೆಂಡತಿ ದುಗ್ಗಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಕೋಲು ಮುರಿದಾಗ ನಿಲ್ಲಿಸಿದ. ಮರುದಿನ ಮಾಸ್ತಮ್ಮ ಒಂದು ಗಂಟು ಕಟ್ಟಿಕೊಂಡು, ಕುಂಟುತ್ತಲೇ ಮತ್ತೆ ಅಣೆಕಟ್ಟಿನ ಕಡೆಗೆ ಹೊರಟಳು. ಹೋಗಲು ಬೇರೆ ಊರು ಅವಳಿಗೆ ಗೊತ್ತಿರಲಿಲ್ಲ.

ಕಾಲೊನಿಯಲ್ಲಿ ಉಮಾಮಹೇಶ್ವರ ಎಂಬ ಎಂಜಿನಿಯರರ ಮನೆಯಲ್ಲಿ ಪಾತ್ರೆ ತೊಳೆಯುವ, ನೀರು ತರುವ ಕೆಲಸ ಸಿಕ್ಕಿತು. ಮೈಸೂರಿನ ಕಡೆಯವರು. ಇಂಗ್ಲೆಂಡಿನಲ್ಲಿ ಓದಿ ಬಂದವರು. ಹೆಂಡತಿ ವಾಗ್ದೇವಿ ವೀಣೆ ಕಲಿತಿದ್ದರು. ಮನೆಯಲ್ಲಿ ಮಕ್ಕಳಿರಲಿಲ್ಲ, ಪುಸ್ತಕಗಳಿದ್ದವು. ಪುಸ್ತಕದ ಕಪಾಟಿನ ಮಧ್ಯದ ಹಲಗೆಯಲ್ಲಿ, ಆ ತುದಿಗೊಂದು ಈ ತುದಿಗೊಂದು, ಸೀಮೆಎಣ್ಣೆ ಡಬ್ಬಕ್ಕಿಂತ ಸ್ವಲ್ಪ ದೊಡ್ಡದಾದ ಎರಡು ಮರದ ಪೆಟ್ಟಿಗೆಗಳು. ಮುಂದೆ ಕಂದು ಬಟ್ಟೆ ಬಿಗಿದಿತ್ತು. ಅದರೊಳಗೆ ಧಾನ್ಯವೋ ಬೆಲ್ಲವೋ ಇರಬೇಕು ಎಂದುಕೊಂಡು ಮಾಸ್ತಮ್ಮ ಎರಡು ದಿನ ಅದರ ಧೂಳು ಒರೆಸಿದಳು.

ಮೂರನೆಯ ದಿನ ಮಧ್ಯಾಹ್ನ ಎಂಜಿನಿಯರರು ಗ್ರಾಮಫೋನ್ ಮಷೀನಿಗೆ ಒಂದು ಪ್ಲೇಟು ಹಾಕಿದರು. ಕಪಾಟಿನ ಪೆಟ್ಟಿಗೆಯಿಂದ ಹೊರಟ ಮೃದಂಗದ ಮೊದಲ ಹೊಡೆತಕ್ಕೆ ಮಾಸ್ತಮ್ಮನ ಕೈಯಿಂದ ಕೊಡ ಬಿತ್ತು. ಅವಳು ಊಟದ ಮೇಜಿನ ಕೆಳಗೆ ತೂರಿ, ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಕೂತಳು. ವಾಗ್ದೇವಿ ನಗಲಿಲ್ಲ. ತಾವೂ ಬಗ್ಗಿ ಮೇಜಿನ ಕೆಳಗೆ ಅವಳ ಪಕ್ಕ ಕೂತರು.

"ಮದ್ದಲ್ಲ ಮಾಸ್ತಮ್ಮ. ಚರ್ಮದ ಮೇಲೆ ಬೆರಳು ಅಷ್ಟೇ. ಪೂರ್ತಿ ಕೇಳು, ಆಮೇಲೆ ಹೆದರು."

ಅವಳು ಮೇಜಿನ ಕೆಳಗಿನಿಂದಲೇ ಕೇಳಿದಳು. ಎಡಗಡೆ ವೀಣೆ, ಬಲಗಡೆ ಮೃದಂಗ. ಪೆಟ್ಟಿಗೆಯೊಳಗೆ ಯಾರೂ ಇಲ್ಲ ಎಂದು ಗೊತ್ತಿದ್ದರೂ, ಕಪಾಟಿನ ಮುಂದೆ ಇಬ್ಬರು ಮನುಷ್ಯರು ಕೂತಿದ್ದಾರೆ ಅನ್ನಿಸುತ್ತಿತ್ತು. ಹಾಡಿನ ಪ್ಲೇಟು ಹಾಕಿದರೆ ಹಾಡುವವಳು ಎರಡೂ ಪೆಟ್ಟಿಗೆ ಬಿಟ್ಟು ನಡುವೆ, ಪುಸ್ತಕಗಳ ಎದುರು ಬಂದು ನಿಲ್ಲುತ್ತಿದ್ದಳು.

ಆ ಪೆಟ್ಟಿಗೆಗಳ ಬಗ್ಗೆ ಗಂಡಹೆಂಡತಿಗೆ ಪ್ರತಿ ಭಾನುವಾರ ವಾದ. ಒಂದು ಚೂರೂ ಬಣ್ಣ ಕಟ್ಟುವುದಿಲ್ಲ, ನುಡಿಸಿದ್ದನ್ನೇ ಕೊಡುತ್ತವೆ ಎಂದು ಎಂಜಿನಿಯರರು. ತಂಬೂರಿಗೆ ಸಕ್ಕರೆ ಹಾಕುತ್ತವೆ, ತಂತಿಯ ಮೇಲೆ ಉಗುರು ಕೆರೆದದ್ದು ನನಗೆ ಕೇಳಬೇಕು ಎಂದು ವಾಗ್ದೇವಿ. ಒಮ್ಮೆ ಮಾಸ್ತಮ್ಮನನ್ನೂ ಕೇಳಿದರು. ಅವಳು, "ಹೊಡ್ತ ಹೊಟ್ಟೆ ಒಳಗೇ ಬೀಳ್ತದೆ ಅಮ್ಮಾ. ಆದ್ರೆ ಗಾಯ ಆಗದಿಲ್ಲ" ಅಂದಳು. ಎಂಜಿನಿಯರರು ಪ್ಲೇಟು ಮಗುಚಿ ಹಾಕಿದರು.

೧೯೬೩ರಲ್ಲಿ ವಾಗ್ದೇವಿಗೆ ವಿಷಮಜ್ವರ ಬಂತು. ನಲವತ್ತು ದಿನ ಮಾಸ್ತಮ್ಮ ಅವರ ಮಂಚದ ಕಾಲಬುಡ ಬಿಟ್ಟು ಏಳಲಿಲ್ಲ. ಮುಂದಿನ ವರ್ಷ ಎಂಜಿನಿಯರರಿಗೆ ದೂರದ ದೇಶದಲ್ಲಿ ಕೆಲಸ ಸಿಕ್ಕಿ ಸಾಮಾನು ಕಟ್ಟುವಾಗ, ವಾಗ್ದೇವಿ ಪೆಟ್ಟಿಗೆ, ಮಷೀನು, ಪ್ಲೇಟುಗಳನ್ನು ಅವಳ ಮುಂದಿಟ್ಟರು. ಎಂಜಿನಿಯರರು ತಮ್ಮ ಹೆಸರಿನ ಕಾಗದದಲ್ಲಿ, ಇವು ಮಾಸ್ತಮ್ಮನವು, ನಾವು ಮನಸಾರೆ ಕೊಟ್ಟವು ಎಂದು ಬರೆದು ಸಹಿ ಹಾಕಿದರು. ಅವಳಿಗೆ ಓದಲು ಬರುತ್ತಿರಲಿಲ್ಲ. ಮಡಿಸಿ ಎಲೆಯಡಿಕೆ ಚೀಲದಲ್ಲಿ ಇಟ್ಟುಕೊಂಡಳು.

ಕರೆಂಟು ಇರುವ ಮನೆಯೇ ಬೇಕು ಎಂದು ಹುಡುಕಿ ಅವಳು ರಿಪ್ಪನ್‌ಪೇಟೆಗೆ ಬಂದಳು. ಬಸ್ಸು ನಿಲ್ಲುವ ಜಾಗದ ಹಿಂದಿನ ಓಣಿಯಲ್ಲಿ ಎರಡು ಕೋಣೆ. ಬೆಳಿಗ್ಗೆ ಡ್ರೈವರು ಕಂಡಕ್ಟರುಗಳಿಗೆ ಇಡ್ಲಿ, ಮಧ್ಯಾಹ್ನ ಊಟ. ಭಾನುವಾರ ಮೂರು ಗಂಟೆಗೆ ಒಲೆ ಆರಿಸಿ, ಒಳಕೋಣೆಯ ಹಲಗೆಯ ಮೇಲಿದ್ದ ಪೆಟ್ಟಿಗೆಗಳಿಗೆ ಹೊದಿಸಿದ ಬಟ್ಟೆ ತೆಗೆಯುತ್ತಿದ್ದಳು. ಪಕ್ಕದ ದರ್ಜಿ ಚಂದ್ರಯ್ಯ ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದು ಕೂರುತ್ತಿದ್ದ. ಹಾಡುವವರು ಉಸಿರು ಎಳೆದುಕೊಳ್ಳುವುದು ಕೇಳುತ್ತದೆ, ಇದು ರೇಡಿಯೋದಲ್ಲಿ ಇಲ್ಲ ಎಂದು ಅವನಿಗೆ ಆಶ್ಚರ್ಯ. ಮದುವೆಮನೆಗಳಿಗೆ ಮೈಕು ಕಟ್ಟುತ್ತಿದ್ದ ಜಟ್ಟಿಂಗಪ್ಪನಿಗೆ ಮಾತ್ರ ಪೆಟ್ಟಿಗೆಗಳು ಹಿಡಿಸಲಿಲ್ಲ. "ಓಣಿ ತುದಿಗೇ ಕೇಳದಿಲ್ಲ. ಇದೆಂತಾ ಸ್ಪೀಕರ್ ಮಾರಾಯ" ಅನ್ನುತ್ತಿದ್ದ. ಹಾಗೆಂದು ಒಂದು ಭಾನುವಾರವೂ ತಪ್ಪಿಸಲಿಲ್ಲ.

ಸುದ್ದಿ ನಿಟ್ಟೂರಿಗೆ ಮುಟ್ಟಿತು. ವಿಧವೆ ಅತ್ತಿಗೆ ಗಂಡಸರನ್ನು ಕೂರಿಸಿಕೊಂಡು ಹಾಡು ಕೇಳುತ್ತಾಳಂತೆ ಎಂದು ಯಾರೋ ಸಂತೆಯಲ್ಲಿ ನಿಂಗಪ್ಪನ ಎದುರೇ ನಕ್ಕರು. ೧೯೬೫ರ ಮಾಘದ ಒಂದು ಭಾನುವಾರ ಅವನು ಇಬ್ಬರು ನೆಂಟರನ್ನು ಕಟ್ಟಿಕೊಂಡು ಬಂದು ಒಳಕೋಣೆಯ ಬಾಗಿಲಲ್ಲಿ ನಿಂತ. ಪ್ಲೇಟು ತಿರುಗುತ್ತಿತ್ತು.

"ಇದು ಅಣೆಕಟ್ಟಿಂದ ಬಂದ ಸಾಮಾನು. ಅಣ್ಣನ ಜೀವಕ್ಕೆ ಕೊಟ್ಟದ್ದು. ಮನೆಗೆ ಸೇರ್ಬೇಕು" ಅಂದ.

"ಗುತ್ಯಪ್ಪನ ಜೀವಕ್ಕೆ ಯಾರೂ ಎಂತದೂ ಕೊಡ್ಲಿಲ್ಲ" ಅಂದಳು ಮಾಸ್ತಮ್ಮ. "ಇದು ನಂದು. ಹೋಗು ನಿಂಗಪ್ಪ."

ಅವನು ಅಂಗೈ ಬೀಸಿ ಎಡಗಿವಿಗೆ ಹೊಡೆದ. ತಲೆಯೊಳಗೆ ಏನೋ ಹರಿದ ಹಾಗಾಯಿತು. ಗೋಡೆಗೆ ಬಡಿದು ಕೆಳಗೆ ಕೂತವಳ ಕುತ್ತಿಗೆಯ ಮೇಲೆ ಬೆಚ್ಚಗೆ ರಕ್ತ ಇಳಿಯಿತು. ಎದ್ದು ಬಂದ ಜಟ್ಟಿಂಗಪ್ಪನ ಮುಖಕ್ಕೆ ನೆಂಟನೊಬ್ಬ ಗುದ್ದಿದ. ಎರಡು ಹಲ್ಲು ಪ್ಲೇಟಿನ ರಟ್ಟಿನ ಹೊದಿಕೆಯ ಮೇಲೆ ಉದುರಿದವು. ನಿಂಗಪ್ಪ ವೈರು ಕಿತ್ತು ಒಂದು ಪೆಟ್ಟಿಗೆಯನ್ನು ಎತ್ತಿಕೊಂಡ.

ಮಾಸ್ತಮ್ಮ ಅಡಿಗೆಕೋಣೆಗೆ ಹೋಗಿ ಒನಕೆ ತಂದಳು. ಓಡಲಿಲ್ಲ, ನಡೆದುಕೊಂಡೇ ಹೋಗಿ ಬಂದಳು ಎಂದು ಚಂದ್ರಯ್ಯ ಆಮೇಲೆ ಹೇಳುತ್ತಿದ್ದ. ಮೊದಲ ಏಟು ನಿಂಗಪ್ಪನ ಬಲ ಮುಂಗೈಗೆ ಬಿತ್ತು. ಮೂಳೆ ಮುರಿದ ಸದ್ದು ಎಲ್ಲರಿಗೂ ಕೇಳಿತು. ಪೆಟ್ಟಿಗೆ ಕೆಳಗೆ ಬಿದ್ದು ಮೂಲೆ ಬಿರಿಯಿತು. ಎರಡನೆಯದು ಮಂಡಿಗೆ. ಅವನು ಬಿದ್ದ. ಮೂರನೆಯದಕ್ಕೆ ಅವಳು ಒನಕೆಯನ್ನು ತಲೆಯ ಮೇಲೆ ಎತ್ತಿದಾಗ ಅವನು ಎಡಗೈಯನ್ನು ಮುಖಕ್ಕೆ ಅಡ್ಡ ಹಿಡಿದು, "ಅತ್ತಿಗೇ, ಸಾಕು" ಅಂದ. ಅದು ಅವಳಿಗೆ ಕೇಳಿಸಿತ್ತು. ಕೇಳಿಸಿಯೂ ಒನಕೆ ಇಳಿಸುವ ಮನಸ್ಸು ಬರಲಿಲ್ಲ. ಚಂದ್ರಯ್ಯ ಹಿಂದಿನಿಂದ ಸೊಂಟಕ್ಕೆ ಬಿದ್ದು ಎಳೆದುದರಿಂದ ಏಟು ನೆಲಕ್ಕೆ ಬಿತ್ತು. ಸಗಣಿ ಸಾರಿಸಿದ ನೆಲದಲ್ಲಿ ಬೊಗಸೆಯಷ್ಟು ಗುಂಡಿಯಾಯಿತು. ಆ ಗುಂಡಿಯನ್ನು ನೋಡಿದ ಮೇಲೆ ಅವಳು ಒನಕೆಯನ್ನು ಗೋಡೆಗೆ ಒರಗಿಸಿಟ್ಟಳು.

ನಿಂಗಪ್ಪ ದೂರು ಕೊಟ್ಟ. ಕದ್ದ ಮಾಲು ಇಟ್ಟುಕೊಂಡಿದ್ದಾಳೆ, ಕೇಳಲು ಹೋದರೆ ಕೊಲ್ಲಲು ಬಂದಳು ಎಂದು. ಪೊಲೀಸರು ಬಂದು ಪೆಟ್ಟಿಗೆ, ಮಷೀನು ಎಲ್ಲವನ್ನೂ ಹೊತ್ತುಕೊಂಡು ಹೋದರು. ಸಾಗರದ ಕೋರ್ಟಿಗೆ ಅವಳು ಏಳು ಸಲ ಬಸ್ಸಿನಲ್ಲಿ ಹೋಗಿ ಬಂದಳು. ಕಿವಿಯಲ್ಲಿ ಕೀವು ತುಂಬಿ, ತಲೆಗೆ ಬಟ್ಟೆ ಸುತ್ತಿಕೊಂಡೇ ಕಟಕಟೆ ಹತ್ತಿದಳು. ಎಂಜಿನಿಯರರ ಕಾಗದವನ್ನು ಗಟ್ಟಿಯಾಗಿ ಓದಿದಾಗ ಅದರಲ್ಲಿ ಏನಿದೆ ಎಂದು ಅವಳು ಮೊದಲ ಸಲ ಕೇಳಿದಳು. ಕಳವಿನ ಆರೋಪ ಬಿದ್ದುಹೋಯಿತು. ಹೊಡೆದಾಟದ ಬಗ್ಗೆ ನ್ಯಾಯಾಧೀಶರು ಇಬ್ಬರಿಗೂ ಬುದ್ಧಿ ಹೇಳಿ, ರಾಜಿ ಬರೆಸಿ ಕಳಿಸಿದರು.

ಹೊರಗೆ ಮೆಟ್ಟಿಲ ಮೇಲೆ ನಿಂಗಪ್ಪ ನಿಂತಿದ್ದ. ಕೈ ಸೊಟ್ಟಗೆ ಕೂಡಿಕೊಂಡಿತ್ತು.

"ಇನ್ನು ನೇಗಿಲು ಹಿಡಿಯಕ್ಕೆ ಆಗದಿಲ್ಲ ಅತ್ತಿಗೆ."

"ಈ ಕಡೆ ಬಂದು ಹೇಳು" ಅಂದಳು ಅವಳು. "ಆ ಕಿವಿ ಕೇಳದಿಲ್ಲ."

ಅವನು ಈ ಕಡೆ ಬರಲಿಲ್ಲ. ಬಸ್ಸಿಗೆ ಹೋದ.

ಪೆಟ್ಟಿಗೆಗಳು ಮನೆಗೆ ಬಂದವು. ಬಿರಿದ ಮೂಲೆಗೆ ಆಚಾರಿಯಿಂದ ಮೊಳೆ ಹೊಡೆಸಿ, ಹಾಡಿನ ಪ್ಲೇಟು ಹಾಕಿದಳು. ಹಾಡುವವಳು ನಡುವೆ ಬರಲಿಲ್ಲ. ಬಲಗಡೆಯೇ ನಿಂತಳು. ಎಡ ಪೆಟ್ಟಿಗೆ ಹಾಳಾಗಿದೆ ಎಂದು ಚಂದ್ರಯ್ಯನನ್ನು ಕರೆದಳು. ಅವನು ಒಂದೊಂದಕ್ಕೂ ಕಿವಿ ಕೊಟ್ಟು ಕೇಳಿ, "ಎರಡೂ ಸಮ ಇದಾವಲ್ಲ ಮಾಸ್ತಮ್ಮ" ಅಂದ. ಆಗ ಅವಳಿಗೆ ಅರ್ಥವಾಯಿತು. ಕೂರುವ ಮಂದಲಿಗೆ ಚಾಪೆಯನ್ನು ಆ ಗೋಡೆಗೆ ಈ ಗೋಡೆಗೆ ಎಳೆದು ನೋಡಿದಳು, ಪೆಟ್ಟಿಗೆಗಳನ್ನು ಅದಲುಬದಲು ಮಾಡಿದಳು. ಎಲ್ಲಿ ಕೂತರೂ ಇಬ್ಬರು ಮನುಷ್ಯರು ಒಂದೇ ಗಂಟಾಗಿ ಬಲಗಿವಿಗೆ ಬೀಳುತ್ತಿದ್ದರು. ಗಂಡ ಸತ್ತಾಗ ಅಳದಷ್ಟು ಅವತ್ತು ಅತ್ತಳು. ಮುಂದೆ ಎಷ್ಟೋ ತಿಂಗಳು ಮಷೀನು ಮುಟ್ಟಲಿಲ್ಲ.

೧೯೬೭ರ ಬೇಸಗೆಯಲ್ಲಿ, ಊಟಕ್ಕೆ ಎಲೆ ಹಾಕುವ ಹೊತ್ತಿಗೆ, ದುಗ್ಗಮ್ಮ ಬಾಗಿಲಿಗೆ ಬಂದಳು. ತುಟಿ ಒಡೆದಿತ್ತು. ಒಂದು ಕಣ್ಣು ಮುಚ್ಚಿಹೋಗಿತ್ತು. ಬಲಗೈ ಸೊಟ್ಟಗಾದ ಮೇಲೆ ನಿಂಗಪ್ಪ ಎಡಗೈಯಲ್ಲಿ ಹೊಡೆಯುವುದನ್ನು ಕಲಿತಿದ್ದ.

"ಅವತ್ತು ನಿಮಗೆ ಹೊಡೆಯೋವಾಗ ನಾನು ಬಾಯಿ ಬಿಡಲಿಲ್ಲ ಅಕ್ಕ" ಅಂದಳು.

"ಬಿಟ್ಟಿದ್ರೆ ನಿಂಗೂ ಹೊಡೀತಿದ್ದ. ಒಳಗೆ ಬಾ."

ಮೂರನೆಯ ದಿನ ನಿಂಗಪ್ಪ ಬಂದು ಓಣಿಯಲ್ಲಿ ನಿಂತು ಕೂಗಿದ. ಮಾಸ್ತಮ್ಮ ಏಳುವಷ್ಟರಲ್ಲಿ ದುಗ್ಗಮ್ಮನೇ ಹೊಸ್ತಿಲಿಗೆ ಹೋಗಿ, "ನಾ ಬರದಿಲ್ಲ" ಎಂದು ಅಷ್ಟೇ ಹೇಳಿದಳು. ಅವನು ಕಲ್ಲೆತ್ತಿ ಬೀಸಿದ. ಅದು ಅವಳ ಭುಜ ಸವರಿ, ಒಳಗಿನ ನೀರಿನ ಹಂಡೆಗೆ ಬಡಿಯಿತು. ಅವಳು ಕದಲಲಿಲ್ಲ. ಇನ್ನೊಂದು ಕಲ್ಲಿಗೆ ಬಗ್ಗಿದವನನ್ನು ಊಟ ಬಿಟ್ಟು ಎದ್ದು ಬಂದ ಡ್ರೈವರುಗಳು ಓಣಿಯುದ್ದಕ್ಕೂ ತುಳಿದರು. ಬಿಡಿಸಲು ಮಾಸ್ತಮ್ಮ ಹೋಗಲಿಲ್ಲ. ದುಗ್ಗಮ್ಮನೂ ಹೋಗಲಿಲ್ಲ. ಅವನು ಮತ್ತೆ ಆ ಕಡೆ ಬರಲಿಲ್ಲ.

ಅದಾದ ಎಷ್ಟೋ ವಾರದ ಮೇಲೆ ದುಗ್ಗಮ್ಮ ಪೆಟ್ಟಿಗೆಗಳ ಬಟ್ಟೆ ಎತ್ತಿ ಇದೆಂತ ಎಂದು ಕೇಳಿದಳು. ಮಾಸ್ತಮ್ಮ ವೀಣೆಯ ಪ್ಲೇಟು ಹಾಕಿ, ಅವಳನ್ನು ನಡುವೆ ಕೂರಿಸಿ, ಯಾರು ಎಲ್ಲಿದ್ದಾರೆ ಹೇಳು ಅಂದಳು. ದುಗ್ಗಮ್ಮ ಕಣ್ಣು ಮುಚ್ಚಿಕೊಂಡಳು.

"ಈ ಕಡೆ ಒಬ್ಬ ತಂತಿ ಮೀಟ್ತಾ ಇದಾನೆ. ಆ ಕಡೆಯವನು ಕೈ ಎತ್ತಿ ಕಾಯ್ತಾ ಇದಾನೆ, ಇನ್ನೂ ಬಡಿಲಿಲ್ಲ. ಈಗ ಬಡಿದ."

"ಆಮೇಲೆ?"

"ಇಬ್ರೂ ಸೇರಿದ್ರು. ಅಲ್ಲ ಅಕ್ಕ, ಇದರಲ್ಲಿ ನಮ್ಮ ಓಲಗದ ಪ್ಲೇಟು ಇಲ್ವಾ? ಇದು ಭಾಳ ನಿಧಾನ."

ಮುಂದಿನ ಸೋಮವಾರ ಸಾಗರಕ್ಕೆ ಹೋಗುವ ಕಂಡಕ್ಟರನಿಗೆ ಮಾಸ್ತಮ್ಮ ಓಲಗದ ಪ್ಲೇಟು ತರಲು ಹೇಳಿದಳು.